ಗೋರಿನ್ ದಂಡೆಯಲ್ಲಿ ಕಾಕಾನ ರುಮಾಲು

ವಿಜಾಪುರ

ನಾನು ವಿಜಾಪುರದ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನು. ರಷ್ಯಾದ ನಕಾಶೆಯನ್ನು ಹತ್ತು ವರ್ಷ ಗೋಡೆಗೆ ತೂಗುಹಾಕಿದ್ದೇನೆ, ಪಾಠ ಮುಗಿದ ಮೇಲೆ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದೇನೆ. ಅದರ ಎಡಭಾಗದಲ್ಲಿ, ಬೆಲೊರಷ್ಯಾ ಎಂಬ ಪ್ರಾಂತದ ಕೆಳಗಡೆ, ಪ್ರಿಪ್ಯಾತ್ ಎಂಬ ನದಿಯ ಆಚೆ ಈಚೆ ಸಣ್ಣ ಸಣ್ಣ ನೀಲಿ ಗೀರುಗಳಿವೆ. "ಇದು ಜೌಗು ಪ್ರದೇಶ. ಇಲ್ಲಿ ಕಪ್ಪೆ, ಕೊಕ್ಕರೆ ಬಿಟ್ಟರೆ ಯಾರೂ ಇರುವುದಿಲ್ಲ" ಎಂದು ಕೋಲು ತೋರಿಸಿ ಹೇಳುತ್ತಿದ್ದೆ. ನಾನೇ ಆ ನೀಲಿ ಗೀರುಗಳ ನಡುವೆ ಒಂದು ವಾರ ಇದ್ದು, ಮದುವೆ ಊಟ ಉಂಡು ಬರುತ್ತೇನೆ ಎಂದು ಯಾರಾದರೂ ಹೇಳಿದ್ದರೆ ಅವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಹೋಗುವ ಯೋಗ ಬಂದದ್ದು ನನಗಲ್ಲ, ಮಲ್ಲಪ್ಪಕಾಕಾನಿಗೆ. ಕಾಕಾ ನನ್ನ ತಂದೆಯ ಚಿಕ್ಕಪ್ಪನ ಮಗ. ಬಿಜ್ಜರಗಿಯಲ್ಲಿ ಮಳೆ ನಂಬಿದ ಹೊಲ, ನಾಲ್ಕು ಎತ್ತು, ಒಂದಿಷ್ಟು ಕುರಿ. ಆ ವರ್ಷ ತಿಕೋಟಾ ಕಡೆಯ ಹಳ್ಳಿಗಳಲ್ಲೆಲ್ಲ ಅವನ ಜೋಳದ ತೆನೆಯಷ್ಟು ದಪ್ಪ ತೆನೆ ಬೇರೆ ಇರಲಿಲ್ಲ. ಅದನ್ನು ನೋಡಿದ ಅಧಿಕಾರಿಗಳು ರಷ್ಯಾಕ್ಕೆ ಹೋಗುವ ರೈತರ ತಂಡದಲ್ಲಿ ಅವನ ಹೆಸರು ಬರೆದರು. ಕಾಕಾನಿಗೆ ಇಂಗ್ಲಿಷ್ ಬಾರದು. ಇಂಗ್ಲಿಷ್ ಬಲ್ಲ ಸಂಬಂಧಿಕನೊಬ್ಬ ಜೊತೆಗಿರಲಿ ಎಂದು ನನ್ನನ್ನು ಬಾಲಕ್ಕೆ ಕಟ್ಟಿದರು.

ಕಾಕಿ ಒಂದು ಟ್ರಂಕಿನ ತುಂಬ ಸಜ್ಜೆಯ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ತುಂಬಿಕೊಟ್ಟಳು. ನನ್ನ ಪುಸ್ತಕಗಳಿಗೆ ಜಾಗ ಸಿಗಲಿಲ್ಲ. ಅವು ಉಳಿದದ್ದೇ ಒಳ್ಳೆಯದಾಯಿತು, ಯಾಕೆಂದರೆ ಅವುಗಳಲ್ಲಿ ಬರೆದದ್ದು ಒಂದೂ ಅಲ್ಲಿ ಇರಲಿಲ್ಲ.

ಮಾಸ್ಕೋ

ಅವರ ದೇಶದ ಮನುಷ್ಯನೊಬ್ಬ ಆಕಾಶಕ್ಕೆ ಹೋಗಿ ಬಂದ ಮರುವರ್ಷದ ವಸಂತ ಅದು. ಊರೆಲ್ಲ ಅವನ ಚಿತ್ರ. ಆದರೆ ಮಾಸ್ಕೋದಲ್ಲಿ ನಿಜವಾದ ಅಧಿಕಾರ ಇರುವುದು ಬಾಗಿಲಲ್ಲಿ ಕೂತು ಕೋಟು ಟೋಪಿ ಇಸಕೊಳ್ಳುವ ಮುದುಕಿಯರ ಕೈಯಲ್ಲಿ. ಯಾವ ಕಟ್ಟಡಕ್ಕೆ ಹೋದರೂ ಅವರಿಗೆ ಕೋಟು ಒಪ್ಪಿಸಬೇಕು, ತಲೆ ಬರಿದು ಮಾಡಬೇಕು, ಆಮೇಲೆ ಒಳಗೆ.

ನಾಟಕಶಾಲೆಯ ಬಾಗಿಲಲ್ಲಿ ಅಂಥ ಒಬ್ಬ ಮುದುಕಿ ಕಾಕಾನ ಕೆಂಪು ರುಮಾಲಿನ ಕಡೆ ಬೆರಳು ಮಾಡಿದಳು. ಕಾಕಾ ತಲೆ ಅಲ್ಲಾಡಿಸಿದ. ಅವಳು ಮತ್ತೆ ಬೆರಳು ಮಾಡಿದಳು. ತಂಡದವರೆಲ್ಲ ಹಿಂದೆ ಸಾಲಾಗಿ ನಿಂತಿದ್ದರು.

"ಹೇಳಲೇ ಈರಣ್ಣಾ ಆಕಿಗೆ," ಎಂದ ಕಾಕಾ. "ನಾನು ಜಳಕಕ್ಕ ಬಿಟ್ರ ಇದನ್ನ ತಗಿಯೂದಿಲ್ಲ. ಒಳಗ ಕುಣಿಯೋರಿಗೆ ನನ್ನ ಬೋಳ ತಲಿ ತಗೊಂಡು ಆಗಬೇಕಾದ್ದೇನು?"

ನಾನು ಇದನ್ನು ಇಂಗ್ಲಿಷಿಗೆ ತಿರುಗಿಸಿದೆ: "ನಮ್ಮ ಹಿರಿಯರಿಗೆ ಸ್ವಲ್ಪ ಶೀತ." ದುಭಾಷಿ ತಾನ್ಯಾ, ಇಪ್ಪತ್ತೈದರ ಚುರುಕು ಹುಡುಗಿ, ಅದನ್ನು ರಷ್ಯನ್ನಿಗೆ ತಿರುಗಿಸಿದಳು. ಹೀಗೆ ಕಾಕಾನ ಮಾತಿನ ಮೂಲೆಗಳನ್ನು ಉಜ್ಜಿ ನುಣುಪು ಮಾಡಿ ದಾಟಿಸುವುದು ನನಗೆ ರೂಢಿಯಾಯಿತು. ಅದರಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಮುದುಕಿ ಸೋಲಲಿಲ್ಲ. ಕಾಕಾನೂ ಸೋಲಲಿಲ್ಲ. ಕೊನೆಗೆ ಅವನು ಅವಳ ಬೆಂಚಿನ ಮೇಲೆಯೇ ಕೂತು ಬಿಟ್ಟ. ನಾವು ಎರಡು ತಾಸು ಕುಣಿತ ನೋಡಿ ಹೊರಗೆ ಬಂದಾಗ ಇಬ್ಬರೂ ಪಕ್ಕಪಕ್ಕ ಕೂತು ಕಡಕ್ ರೊಟ್ಟಿ ಮುರಿಯುತ್ತಿದ್ದರು. ಮುದುಕಿಯ ಕಣ್ಣಲ್ಲಿ ಗುರೆಳ್ಳು ಚಟ್ನಿಯ ಖಾರಕ್ಕೆ ನೀರು ಬಂದಿತ್ತು.

ನೀಲಿ ಗೀರುಗಳು

ತಂಡವನ್ನು ಹಂಚಿದರು. ಕೆಲವರು ಟ್ರಾಕ್ಟರು ನೋಡಲು, ಕೆಲವರು ಹಾಲಿನ ಡೇರಿ ನೋಡಲು. ನಮ್ಮಿಬ್ಬರನ್ನು ತಾನ್ಯಾಳ ಜೊತೆ ದಾವಿದ್-ಗೊರೊದೊಕ್ ಎಂಬ ಪುಟ್ಟ ಊರಿಗೆ ಕಳಿಸಿದರು. ಅದು ಬೀಜದ ಊರು. ಅಲ್ಲಿಯ ಹೆಂಗಸರು ಹಿತ್ತಲಲ್ಲಿ ಉಳ್ಳಾಗಡ್ಡಿ, ಸೌತೆ, ಹೂವಿನ ಬೀಜ ಬೆಳೆಸಿ ರಷ್ಯಾದ ಮೂಲೆಮೂಲೆಗೂ ಒಯ್ದು ಮಾರುತ್ತಾರೆ. ಬೀಜ ಬಲ್ಲವನು ಬೀಜದ ಊರು ನೋಡಲಿ ಎಂದು ಯಾರಿಗೋ ಹೊಳೆದಿತ್ತು.

ರೈಲು ಇಳಿದು ಬಸ್ಸು ಹತ್ತಿದೆವು. ಬಸ್ಸು ಒಂದು ಕಡೆ ನಿಂತಿತು, ಯಾಕೆಂದರೆ ಮುಂದೆ ರಸ್ತೆ ಇರಲಿಲ್ಲ, ನೀರಿತ್ತು. ಹಿಮ ಕರಗಿದ ನೀರು. ಆ ನಾಡು ಎಷ್ಟು ಚಪ್ಪಟೆ ಎಂದರೆ ನದಿಗೆ ಯಾವ ಕಡೆ ಹರಿಯಬೇಕೆಂದು ತಿಳಿಯದೆ ಎಲ್ಲ ಕಡೆಗೂ ಸ್ವಲ್ಪ ಸ್ವಲ್ಪ ಹೋಗಿ ನೋಡುತ್ತದೆ. ಗೋರಿನ್ ಎಂಬ ನದಿ ಈ ಊರನ್ನು ಮುಟ್ಟಿ, ಮುಂದೆ ಪ್ರಿಪ್ಯಾತನ್ನು ಸೇರಬೇಕು. ವಸಂತದಲ್ಲಿ ಮಾತ್ರ ಎರಡೂ ಕೈಕೈ ಹಿಡಿದು ಹುಲ್ಲುಗಾವಲು, ಕಾಡು, ರಸ್ತೆಯನ್ನೆಲ್ಲ ವಾರಗಟ್ಟಲೆ ಮುಚ್ಚಿ ಮಲಗಿಬಿಡುತ್ತವೆ. ನಮ್ಮನ್ನು ಉದ್ದನೆಯ ಮರದ ದೋಣಿಯಲ್ಲಿ ಕೂರಿಸಿದರು. ನೀರಿನ ಮೇಲೆ ಬರ್ಚ್ ಮರಗಳ ತಲೆ ಮಾತ್ರ ಕಾಣುತ್ತಿತ್ತು. ಒಂದು ಗುಡಿಸಲಿನ ಮಾಡಿನ ಮೇಲೆ ಬಂಡಿಯ ಗಾಲಿ ಇಟ್ಟಿದ್ದರು, ಅದರ ಮೇಲೆ ಕೊಕ್ಕರೆ ಗೂಡು. ನನ್ನ ಪಾಠದಲ್ಲಿ ಕೊಕ್ಕರೆಯೊಂದೇ ಸರಿಯಾಗಿತ್ತು.

ಕಾಕಾ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಅವನು ಕಂಡ ದೊಡ್ಡ ನೀರೆಂದರೆ ಸಾರವಾಡದ ಹತ್ತಿರ ಮಳೆಗಾಲದ ಡೋಣಿ ಹೊಳೆ, ಅದೂ ಉಪ್ಪು.

"ಇಷ್ಟು ನೀರ ಇಟಗೊಂಡು ಇವರು ಏನ ಮಾಡತಾರ?" ಎಂದು ಕೇಳಿದ.

ನಾನು ತಾನ್ಯಾಳನ್ನು ಕೇಳಿದೆ. ಸರಕಾರ ದೊಡ್ಡ ದೊಡ್ಡ ಕಾಲುವೆ ತೋಡಿಸಿ ನೀರನ್ನು ಹೊರಗೆ ಹಾಕುತ್ತಿದೆ, ನೆಲ ಒಣಗಿಸುತ್ತಿದೆ ಎಂದು ಅವಳು ಅಭಿಮಾನದಿಂದ ಹೇಳಿದಳು. ಕಾಕಾ ನನ್ನ ಮುಖವನ್ನೇ ನೋಡಿದ.

"ನೀರ ಹೊರಗ ಹಾಕಾಕ ಕಾಲುವಿ? ಚಾಷ್ಟಿ ಸಾಕು, ಖರೇ ಏನಂದ್ಲು ಹೇಳು."

ಅದೇ ಖರೆ ಎಂದು ನಾನು ಆಣೆ ಮಾಡಬೇಕಾಯಿತು. ಊರಿಗೆ ಬಂದ ಮೇಲೆ ಕಾಕಾ ಈ ಮಾತನ್ನು ಚಾವಡಿಯಲ್ಲಿ ಹೇಳಿದಾಗ ಅವನಿಗೂ ಇದೇ ಗತಿಯಾಯಿತು. ರಷ್ಯಾದವರು ಆಕಾಶಕ್ಕೆ ಹೋದದ್ದನ್ನು ನಂಬಿದವರು ಕೂಡ ಇದನ್ನು ನಂಬಲಿಲ್ಲ.

ರೊಟ್ಟಿ, ಉಪ್ಪು

ದೋಣಿ ದಂಡೆಗೆ ತಾಗಿದಾಗ ಊರಿನ ಅರ್ಧ ಜನ ಬಂದು ನಿಂತಿದ್ದರು. ಅಕಾರ್ಡಿಯನ್ ಬಾರಿಸುವವನೂ ಇದ್ದ. ಎಲ್ಲರ ಮುಂದೆ ಐವತ್ತರ ಆಸುಪಾಸಿನ ಹೆಂಗಸು. ಹೆಸರು ಹಾನ್ನಾ. ಚಾಚಿದ ಎರಡು ಕೈಗಳ ಮೇಲೆ ಉದ್ದನೆಯ ಬಿಳಿ ಬಟ್ಟೆ, ಅದರ ಎರಡೂ ತುದಿಗೆ ಕೆಂಪು ನೇಯ್ಗೆ. ಬಟ್ಟೆಯ ಮೇಲೆ ದುಂಡನೆಯ ಕಪ್ಪು ರೊಟ್ಟಿ, ರೊಟ್ಟಿಯ ಮೇಲೆ ಸಣ್ಣ ಬಟ್ಟಲಲ್ಲಿ ಉಪ್ಪು. ಅತಿಥಿ ಒಂದು ಚೂರು ಮುರಿದು ಉಪ್ಪಿಗೆ ಮುಟ್ಟಿಸಿ ತಿನ್ನಬೇಕು ಎಂದು ತಾನ್ಯಾ ನನಗೆ ಹೇಳಿದಳು. ನಾನು ಕಾಕಾನಿಗೆ ಹೇಳಲು ತಿರುಗಿದೆ. ಕಾಕಾ ನನ್ನ ಪಕ್ಕದಲ್ಲಿ ಇರಲಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ರೀತಿ ಹೇಳಬೇಕು. ಮದುವೆ ಮುಂಜಿಯಲ್ಲಿ ಬೀಗರು ಬಿಜ್ಜರು ಒಬ್ಬರಿಗೊಬ್ಬರು ಬಟ್ಟೆ ಕೊಡುತ್ತಾರೆ, ಅದಕ್ಕೆ ಆಯೇರಿ ಎನ್ನುತ್ತೇವೆ. ಹಿರಿಯರಿಗಾದರೆ ರುಮಾಲು. ಮನೆಯೊಡತಿ ಎರಡು ಕೈಯಲ್ಲಿ ಬಟ್ಟೆ ಹಿಡಿದು ಬಂದರೆ ಎರಡು ಕೈಯಲ್ಲಿ ತೆಗೆದುಕೊಳ್ಳಬೇಕು, ಅಲ್ಲೇ ತೊಡಬೇಕು, ತಿರುಗಿ ಏನಾದರೂ ಕೊಡಬೇಕು. ಅಲ್ಲಿಗೆ ನೆಂಟಸ್ತನ ಗಟ್ಟಿ. ತೆಗೆದುಕೊಂಡ ಆಯೇರಿಯನ್ನು ವಾಪಸು ಕೊಟ್ಟರೆ ನೆಂಟಸ್ತನ ಹರಿದ ಹಾಗೆ.

ಕಾಕಾ ಹಾನ್ನಾಳಿಗೆ ಕೈ ಮುಗಿದ. ರೊಟ್ಟಿಯನ್ನು ಎತ್ತಿ ನನ್ನ ಕೈಗೆ ಕೊಟ್ಟ. ಉಪ್ಪಿನ ಬಟ್ಟಲನ್ನು ತಾನ್ಯಾಳ ಕೈಗೆ ಕೊಟ್ಟ. ಆಮೇಲೆ ತನ್ನ ಕೆಂಪು ರುಮಾಲನ್ನು ಬಿಚ್ಚತೊಡಗಿದ. ಅದು ಬಿಚ್ಚಿದಷ್ಟೂ ಬಂತು. ಜನ ಜಾದೂಗಾರನನ್ನು ನೋಡುವಂತೆ ನೋಡಿದರು. ಅದನ್ನು ಮಡಚಿ ಹಾನ್ನಾಳ ಕೈಯ ಮೇಲಿಟ್ಟು, ಅವಳ ಬಿಳಿ ಬಟ್ಟೆಯನ್ನು ಎತ್ತಿಕೊಂಡು, ನಾಲ್ಕು ಸುತ್ತು ಸುತ್ತಿ, ಒಂದು ಕೆಂಪು ತುದಿಯನ್ನು ಹಣೆಯ ಮೇಲೆ ಕೂರಿಸಿ, ಇನ್ನೊಂದನ್ನು ಬೆನ್ನ ಮೇಲೆ ಚುಂಗಿನಂತೆ ಇಳಿಬಿಟ್ಟ. ಚೆನ್ನಾಗಿಯೇ ಕಾಣುತ್ತಿತ್ತು.

ಮೊದಲು ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ. ಅಕಾರ್ಡಿಯನ್ ಶುರುವಾಯಿತು. ಹಾನ್ನಾ ನಕ್ಕಳು, ಆದರೆ ಅವಳ ಕಣ್ಣು ಕಾಕಾನ ತಲೆಯನ್ನು ಬಿಡಲಿಲ್ಲ. ಮೆಚ್ಚಿಕೆ ಎಂದುಕೊಂಡೆ. ಇಡೀ ರೊಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಾನೂ ನಕ್ಕೆ.

"ಇದು ಯಾತರ ಅರಿವಿಲೇ, ಇಷ್ಟು ತಂಪೈತಿ?" ಎಂದ ಕಾಕಾ.

ಅಗಸೆಯ ನಾರಿನ ಬಟ್ಟೆ ಎಂದೆ.

"ಅಗಸಿ? ನಾವು ಚಟ್ನಿ ಕುಟ್ಟಿ ತಿಂತೀವಿ, ಇವರು ಉಡತಾರ!" ಎಂದು ಅವನು ದಾರಿಯುದ್ದಕ್ಕೂ ಆಶ್ಚರ್ಯಪಟ್ಟ.

ಕೋಟೆ ಗುಡ್ಡ

ಮರುದಿನ ಊರು ತೋರಿಸಿದವನು ಸ್ತೆಪಾನ್. ಹಾನ್ನಾಳ ಅಣ್ಣ, ಅಲ್ಲಿಯ ಶಾಲೆಯಲ್ಲಿ ಇತಿಹಾಸದ ಮಾಸ್ತರ. ಇಬ್ಬರು ಮಾಸ್ತರರು ಸೇರಿದರೆ ಬೇರೆಯವರ ಪಾಡು ಕೇಳಬಾರದು. ಮೊದಲು ನಮ್ಮನ್ನು "ಕೋಟೆ ಗುಡ್ಡ"ಕ್ಕೆ ಕರೆದುಕೊಂಡು ಹೋದ. ಎಂಟುನೂರಕ್ಕೂ ಹೆಚ್ಚು ವರ್ಷದ ಹಿಂದೆ ದಾವಿದ್ ಎಂಬ ರಾಜಕುಮಾರ ಇಲ್ಲಿ ಮರದ ಕೋಟೆ ಕಟ್ಟಿದ, ಊರಿಗೆ ಅವನ ಹೆಸರೇ ಬಂತು ಎಂದು ವಿವರಿಸಿದ. ನಾನು ಗುಡ್ಡ ಎಲ್ಲಿದೆ ಎಂದು ಸುತ್ತಲೂ ನೋಡಿದೆ. ಅದರ ಮೇಲೆಯೇ ನಿಂತಿದ್ದೆವು.

"ನಮ್ಮ ತಿಪ್ಪಿ ಇದಕ್ಕಿಂತ ಎತ್ತರ ಐತಿ," ಎಂದ ಕಾಕಾ.

"ನಮ್ಮ ಊರಲ್ಲೂ ಇಂಥ ಪುರಾತನ ದಿಬ್ಬಗಳಿವೆ ಎನ್ನುತ್ತಿದ್ದಾರೆ," ಎಂದು ನಾನು ದಾಟಿಸಿದೆ. ಸ್ತೆಪಾನ್ ಸಂತೋಷದಿಂದ ಕಾಕಾನ ಕೈ ಕುಲುಕಿದ.

ಆದರೆ ಆ ನಾಡಿನಲ್ಲಿ ಅದು ನಿಜವಾಗಿ ಗುಡ್ಡವೇ. ಅದರ ಮೇಲೆ ನಿಂತರೆ ಇಡೀ ಊರು ಕಾಣುತ್ತದೆ: ಮರದ ಮನೆಗಳು, ಹಳೆಯ ಮರದ ಇಗರ್ಜಿ, ದೋಣಿ ಕಟ್ಟುವ ಅಂಗಳ, ಹಿತ್ತಲುಗಳ ಕಪ್ಪು ಮಣ್ಣು, ಆಮೇಲೆ ಆಕಾಶದ ತನಕ ನೀರು. ಊರನ್ನು ಆಳಿದವರು ಲಿಥುವೇನಿಯಾದ ದೊರೆಗಳು, ಪೋಲೆಂಡಿನ ಜಮೀನ್ದಾರರು, ರಷ್ಯಾದ ಚಕ್ರವರ್ತಿ, ಮತ್ತೆ ಪೋಲೆಂಡು, ಆಮೇಲೆ ಸೋವಿಯೆತ್, ನಡುವೆ ಜರ್ಮನ್ನರು, ಮತ್ತೆ ಸೋವಿಯೆತ್. ತನ್ನ ತಾಯಿ ತನ್ನ ಅಂಗಳ ಬಿಟ್ಟು ಎಲ್ಲಿಗೂ ಹೋಗದೆ ಮೂರು ನಾಲ್ಕು ದೇಶಗಳಲ್ಲಿ ಬಾಳಿದಳು ಎಂದ ಸ್ತೆಪಾನ್.

"ನಮ್ಮದೂ ಅದ ಹಣೇಬಾರ," ಎಂದ ಕಾಕಾ. "ಆದಿಲಶಾಹಿ ಆತು, ಪೇಶ್ವೆ ಆತು, ಇಂಗ್ಲಿಷರದಾತು. ಮೊನ್ನಿ ಮೊನ್ನಿ ಮುಂಬೈ ರಾಜ್ಯದಾಗ ಮಲಗಿದವರು ಮೈಸೂರು ರಾಜ್ಯದಾಗ ಎದ್ದೀವಿ. ಹಾಸಿಗಿ ಮಾತ್ರ ಅಲ್ಲೇ ಐತಿ."

ಇದನ್ನು ಮಾತ್ರ ನಾನು ಒಂದಕ್ಷರವೂ ಉಜ್ಜದೆ ದಾಟಿಸಿದೆ. ಸ್ತೆಪಾನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಕೆಳಗಿಳಿದು ಬರುವಾಗ ಒಂದು ಬೀದಿಯಲ್ಲಿ ಅವನ ನಗೆ ನಿಂತಿತು. ಯುದ್ಧಕ್ಕೆ ಮುಂಚೆ ಇಲ್ಲಿದ್ದವರೆಲ್ಲ ಯಹೂದಿಗಳು, ದರ್ಜಿ, ಬಡಗಿ, ಅಂಗಡಿಕಾರರು. ಜರ್ಮನ್ನರು ಬಂದ ಮೇಲೆ ಅವರನ್ನು ಊರ ಹೊರಗೆ ಒಯ್ದು ಕೊಂದರು. "ನನ್ನ ಜೊತೆ ಕಲಿತ ಅರ್ಧ ಹುಡುಗರು," ಎಂದಷ್ಟೇ ಹೇಳಿದ. ಕಾಕಾ ಚಪ್ಪಲಿ ಬಿಟ್ಟು ಸ್ವಲ್ಪ ಹೊತ್ತು ಆ ಬೀದಿಯಲ್ಲಿ ನಿಂತ.

ಹಾನ್ನಾಳ ಮನೆ

ಗುರುವಾರ ಹಾನ್ನಾಳ ಮನೆಯಲ್ಲಿ ಊಟ. ಬಟಾಟೆಯನ್ನು ತುರಿದು ಹೆಂಚಿನ ಮೇಲೆ ಹುಯ್ದ ದೋಸೆ, ಗಟ್ಟಿ ಮೊಸರು, ಉಪ್ಪಿನ ಸೌತೆಕಾಯಿ. ಕಾಕಾ ಕಡಕ್ ರೊಟ್ಟಿಯ ಟ್ರಂಕನ್ನು ಮರೆತೇಬಿಟ್ಟ. ಅಕ್ಕಪಕ್ಕದ ಹೆಂಗಸರು ಬಂದು ಬೀಜದ ಪುಡಿಕೆ ಕೊಟ್ಟರು. ಅವನು ಒಂದೊಂದನ್ನೂ ಹಲ್ಲಲ್ಲಿ ಕಡಿದು, ಮೂಸಿ, ತಲೆದೂಗಿ, ಹೊಸ ರುಮಾಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡ. ಅವನ ಹಳೆಯ ರುಮಾಲು ಎದುರಿನ ಗೋಡೆಯಲ್ಲಿತ್ತು. ಹಾನ್ನಾ ಅದನ್ನು ಒಗೆದು, ಇಸ್ತ್ರಿ ಮಾಡಿ, ಸೈನಿಕನ ಉಡುಪಿನ ಒಬ್ಬ ಯುವಕನ ಫೋಟೋದ ಮೇಲೆ ಮಾಲೆಯಂತೆ ಇಳಿಬಿಟ್ಟಿದ್ದಳು. ಅಲ್ಲಿ ಮನೆಯ ಶ್ರೇಷ್ಠ ಬಟ್ಟೆಯನ್ನು ದೇವರ ಪಟಕ್ಕೋ ತೀರಿಹೋದವರ ಚಿತ್ರಕ್ಕೋ ಹಾಕುವುದು ರೂಢಿ. ಒಗೆಯುವಾಗ ಬಣ್ಣ ಬಿಟ್ಟು ಅವಳ ಹಾಸಿಗೆಯ ಬಿಳಿ ಬಟ್ಟೆಗಳೆಲ್ಲ ಗುಲಾಬಿಯಾಗಿ ಅಂಗಳದಲ್ಲಿ ಒಣಗುತ್ತಿದ್ದವು.

"ನೋಡಿದೇನು ಮರ್ಯಾದಿ!" ಎಂದ ಕಾಕಾ. ಎದೆ ಎರಡು ಬೆರಳು ಮುಂದೆ ಬಂತು.

ಊಟವಾದ ಮೇಲೆ ಸ್ತೆಪಾನ್ ನನ್ನನ್ನೂ ತಾನ್ಯಾಳನ್ನೂ ಹಿತ್ತಲಿಗೆ ಕರೆದ. ಬಹಳ ಹೊತ್ತು ಜೇನುಗೂಡುಗಳ ವಿಷಯ ಹೇಳಿದ. ಆಮೇಲೆ ತಡೆತಡೆದು ನಿಜ ಸಂಗತಿ ತೆಗೆದ.

ರವಿವಾರ ಹಾನ್ನಾಳ ಒಬ್ಬಳೇ ಮಗಳು ವೇರಾಳ ಮದುವೆ. ಕಾಕಾನ ತಲೆಯ ಮೇಲಿರುವ ಬಟ್ಟೆ ಹಾನ್ನಾಳ ತಾಯಿ ನೇಯ್ದದ್ದು. ಹಾನ್ನಾ ತನ್ನ ಮದುವೆಯಲ್ಲಿ ಗಂಡನ ಜೊತೆ ನಿಂತದ್ದು ಅದರ ಮೇಲೆ. ಯುದ್ಧದಲ್ಲಿ ಮನೆ ಸುಟ್ಟಿತು, ಗಂಡ ಹೋದವನು ಬರಲಿಲ್ಲ. ಡಬ್ಬಿಯಲ್ಲಿಟ್ಟು ನೆಲದಲ್ಲಿ ಹೂತಿದ್ದ ಈ ಬಟ್ಟೆಯೊಂದೇ ಉಳಿಯಿತು. ಊರಿನಲ್ಲಿ ಅದಕ್ಕಿಂತ ಚೆಂದದ್ದು ಇಲ್ಲವೆಂದು ವಿದೇಶದ ಅತಿಥಿಗೆ ರೊಟ್ಟಿ ತರಲು ಊರವರು ಅದನ್ನೇ ಕೇಳಿದ್ದರು. ವೇರಾ ಅದರ ಮೇಲೆ ನಿಲ್ಲಬೇಕೆಂಬುದು ಹಾನ್ನಾಳ ಹದಿನೆಂಟು ವರ್ಷದ ಆಸೆ.

"ಹಾಗಾದರೆ ಕೇಳಬೇಕಾಗಿತ್ತು," ಎಂದೆ.

ಅತಿಥಿಯ ತಲೆಯಿಂದ ಬಟ್ಟೆ ಬಿಚ್ಚಿಸು ಎಂದು ಯಾರಿಗೂ ಹೇಳಬೇಡ ಅಂತ ತಂಗಿ ತನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ ಎಂದ ಸ್ತೆಪಾನ್. ನನಗೆ ಹೇಳಿ ಅವನು ಆಣೆ ಮುರಿದಿದ್ದ.

"ಅದರ ಮೇಲೆ ನಿಲ್ಲುವುದು ಎಂದರೆ? ಕಾಲಿಟ್ಟು?" ಎಂದು ನಾನು ಕೇಳಿದೆ.

"ಮತ್ತೆ ಹೇಗೆ ನಿಲ್ಲುತ್ತಾರೆ?" ಎಂದಳು ತಾನ್ಯಾ.

ನಮ್ಮಲ್ಲಿ ತಲೆಯ ರುಮಾಲೆಂದರೆ ಮನುಷ್ಯನ ಮಾನ. ಅದನ್ನು ನೆಲಕ್ಕೆ ಹಾಕಿ ತುಳಿಯುತ್ತಾರೆ ಎಂದು ಮಲ್ಲಪ್ಪಕಾಕಾನಿಗೆ ಹೇಳುವವರು ಯಾರು? ಹೇಳದಿದ್ದರೆ ಹಾನ್ನಾಳ ಆಸೆ ವಿಜಾಪುರದ ಗಾಡಿ ಹತ್ತುತ್ತದೆ.

ಶುಕ್ರವಾರ, ಶನಿವಾರ

ನಾನು ಧೈರ್ಯವಂತನಲ್ಲ. ಆದ್ದರಿಂದ ಉಪಾಯ ಮಾಡಿದೆ.

"ಕಾಕಾ, ಆ ಅರಿವಿ ಹೊಲಸಾಗೈತ್ರಿ. ಕೊಡ್ರಿ, ಒಗಸತೀನಿ."

"ಆಕಿ ನಂದು ಒಗದು ಮನಿ ಎಲ್ಲಾ ಕೆಂಪ ಮಾಡ್ಯಾಳ. ಇದೂ ಬ್ಯಾಡ. ಊರಾಗ ನಿಮ್ಮ ಕಾಕಿ ಒಗೀತಾಳ."

ಸಂಜೆ ಒಂದು ಉಣ್ಣೆಯ ಟೋಪಿ ತಂದೆ. ಚಳಿ ಎಂದೆ. ಅವನು ಟೋಪಿಯನ್ನು ತಿರುಗಿಸಿ ನೋಡಿ ಅದರಲ್ಲಿ ಉಳ್ಳಾಗಡ್ಡಿ ಬೀಜ ತುಂಬಿ ಟ್ರಂಕಿನಲ್ಲಿಟ್ಟ. ಶನಿವಾರ, ಇಂಥ ಬಟ್ಟೆಯನ್ನು ಈ ದೇಶದಿಂದ ಹೊರಗೆ ಒಯ್ಯಲು ಬಿಡುವುದಿಲ್ಲವಂತೆ ಎಂದು ಹೆದರಿಸಿದೆ.

"ತಲಿ ಒಯ್ಯಾಕ ಬಿಡತಾರಿಲ್ಲ? ತಲಿ ಜೋಡಿ ಅದೂ ಬರತೈತಿ," ಎಂದು ಮಗ್ಗಲು ತಿರುಗಿ ಮಲಗಿದ.

ತಾನ್ಯಾ ನನ್ನ ಪೇಚಾಟ ನೋಡಿ ಸುಮ್ಮನಿರಲಿಲ್ಲ. "ನೀವು ಅವರ ಮಾತನ್ನು ಬದಲಿಸಿ ಹೇಳುತ್ತೀರಿ ಎಂದು ನನಗೆ ಮೊದಲ ದಿನವೇ ಗೊತ್ತಾಯಿತು," ಎಂದಳು. "ಅವರು ಉದ್ದ ಹೇಳುತ್ತಾರೆ, ನೀವು ಗಿಡ್ಡ ಹೇಳುತ್ತೀರಿ. ಒಮ್ಮೆಯಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿ ನೋಡಿ." ನನಗೆ ಬಹಳ ನಾಚಿಕೆಯಾಯಿತು.

ರವಿವಾರ

ಮದುವೆ ಮನೆಗೆ ಹೋಗುವ ಓಣಿ ನೀರಲ್ಲಿತ್ತು. ಸ್ತೆಪಾನ್ ದೋಣಿ ತಂದ. ಕಾಕಾ ಬಿಳಿ ಧೋತರ ಉಟ್ಟು, ತಲೆಯ ಬಟ್ಟೆಯನ್ನು ಬಿಗಿಮಾಡಿಕೊಂಡು, ಮದುಮಗನ ಅಪ್ಪನಂತೆ ಕೂತಿದ್ದ. ದೋಣಿಯಿಂದ ಯಾರೂ ಎದ್ದು ಹೋಗಲಾರರು, ನಾನೂ ಓಡಿಹೋಗಲಾರೆ. ಕಣ್ಣು ಮುಚ್ಚಿ ಹೇಳಿಬಿಟ್ಟೆ.

"ಕಾಕಾ, ಅದು ಆಯೇರಿ ಅಲ್ಲರಿ. ರೊಟ್ಟಿ ಇಟ್ಟು ತರಾಕ ತಂದಿದ್ದ ಅರಿವಿ. ಹಾನ್ನಾ ಅಕ್ಕಾರ ಮದಿವ್ಯಾಗೂ ಅದ ಇತ್ತಂತ. ಇವತ್ತ ಮಗಳ ಮದಿವಿಗೆ ಬೇಕಾಗೈತಿ."

ಕಾಕಾ ಬೆಚ್ಚಿದ. "ಮತ್ತ ಇಷ್ಟ ದಿನಾ ಬಾಯಾಗ ಏನ ಇಟಗೊಂಡಿದ್ದಿ? ಯಾರ ತಲಿಗೆ ಸುತ್ತತಾರ, ಅಳಿಯನ ತಲಿಗೇನು?"

"ತಲಿಗಲ್ಲರಿ. ನೆಲಕ್ಕ ಹಾಸತಾರ. ಹುಡುಗ ಹುಡುಗಿ ಅದರ ಮ್ಯಾಲ ಕಾಲಿಟ್ಟು ನಿಂದರತಾರ."

ಕಾಕಾ ನೀರನ್ನೇ ನೋಡುತ್ತಿದ್ದ. ಬೈಯುತ್ತಾನೆ ಎಂದು ಕಾದೆ. ಬೈಯಲಿಲ್ಲ.

"ಗಂಗವ್ವನ ಮದಿವಿ ನೆನಪೈತೇನು ನಿನಗ?"

ನೆನಪಿರಲಿಲ್ಲ, ಆಗ ನಾನು ಓದಲು ಧಾರವಾಡದಲ್ಲಿದ್ದೆ. ಗಂಗವ್ವ ಅವನ ಹಿರಿಯ ಮಗಳು, ಬಬಲೇಶ್ವರಕ್ಕೆ ಕೊಟ್ಟಿದ್ದಾರೆ ಎಂದಷ್ಟೇ ಗೊತ್ತಿತ್ತು.

"ಎದುರುಗೊಳ್ಳಾಕ ಹೊತ್ತ ಮಾಡಿದ್ರು ಅಂತ ಬೀಗ ಊರ ಅಗಸಿ ಬಾಗಲದಿಂದ ಬಂಡಿ ಹೊಳ್ಳಿಸಿದ. ನಾ ಓಡಿಹೋಗಿ ರುಮಾಲ ತಗದು ಅವನ ಕಾಲಾಗ ಹಾಕಿದೆ. ಇಡೀ ಊರು ನೋಡಾಕತ್ತಿತ್ತು. ಆಂವ ಅದನ್ನ ತುಳಿದು ಬಂಡಿ ಹತ್ತಿದ." ಕಾಕಾ ತಲೆಯ ಮೇಲಿನ ಬಟ್ಟೆಯನ್ನು ಮುಟ್ಟಿ ನೋಡಿಕೊಂಡ. "ಹಿರ್ಯಾರು ಇಳಿಸಿ ಕರಕೊಂಡ ಬಂದ್ರು. ಮದಿವಿ ಆತು. ಗಂಗವ್ವ ಬರತಾಳ, ಹೋಗತಾಳ. ನಾ ಮಾತ್ರ ಆ ಮನಿ ಹೊಸ್ತಿಲ ದಾಟಿಲ್ಲ. ಹನ್ನೊಂದ ವರ್ಷಾತು."

ಆಮೇಲೆ ನನ್ನ ಕಡೆ ತಿರುಗಿ ಕೇಳಿದ, "ಇವರು ತುಳಿದು ಏನ ಮಾಡತಾರ?"

"ತುಳಿದು ಅಲ್ಲೇ ನಿಂದರತಾರರಿ. ಕೈ ಹಿಡೀತಾರ. ಅಲ್ಲಿಂದ ಸಂಸಾರ ಸುರು ಅಂತ."

"ಬಂಡಿ ಹತ್ತೂದಿಲ್ಲ?"

"ಇಲ್ಲರಿ."

ದೋಣಿ ಮನೆಯ ಮೆಟ್ಟಿಲಿಗೆ ತಾಗಿತು. ಕಾಕಾ ಮೊದಲು ಇಳಿದ. ನಾನು ತಾನ್ಯಾಳಿಗೆ ರುಮಾಲಿನ ಅರ್ಥವನ್ನೂ ಗಂಗವ್ವನ ಮದುವೆಯನ್ನೂ ನಾಲ್ಕು ಮಾತಿನಲ್ಲಿ, ಏನೂ ಬಿಡದೆ ಹೇಳಿದೆ. ಅವಳು ಒಳಗೆ ಓಡಿದಳು.

ಒಳಗೆ ಜನ ಕಿಕ್ಕಿರಿದಿದ್ದರು. ನಡುವೆ ಬೇರೊಂದು ಬಟ್ಟೆ, ಅಂಗಡಿಯದು, ಹಾಸಿತ್ತು. ಕಾಕಾ ಬಗ್ಗಿ ಅದನ್ನು ಎತ್ತಿ ಪಕ್ಕಕ್ಕಿಟ್ಟ. ಎಲ್ಲರೆದುರು ತಲೆಯ ಬಟ್ಟೆಯನ್ನು ಬಿಚ್ಚತೊಡಗಿದ. ಒಂದು ಸುತ್ತು ಬಿಚ್ಚಿದಾಗ ಸೌತೆ ಬೀಜ ಸುರಿಯಿತು. ಎರಡನೆಯ ಸುತ್ತಿಗೆ ಉಳ್ಳಾಗಡ್ಡಿ ಬೀಜ. ಮೂರನೆಯದಕ್ಕೆ ಯಾವುದೋ ಹೂವಿನ ಬೀಜ. ಪುಡಿಕೆಗಳೆಲ್ಲ ಒಡೆದು ಮದುಮಕ್ಕಳ ಮುಂದೆ ಚೆಲ್ಲಾಪಿಲ್ಲಿ. ಇದು ಭಾರತದ ಮದುವೆಯ ಆಶೀರ್ವಾದ ಇರಬೇಕು ಎಂದು ಹೆಂಗಸರು ತಾವೂ ರೈ ಎಂಬ ಅಲ್ಲಿಯ ಧಾನ್ಯದ ಕಾಳನ್ನು ಹಿಡಿಹಿಡಿ ತಂದು ಎರಚಿದರು. ನಮ್ಮಲ್ಲಿ ಅಕ್ಷತೆ ಹಾಕುತ್ತೇವಲ್ಲ, ಹಾಗೇ ಆಯಿತು. ನಾನು ತಿದ್ದಲು ಹೋಗಲಿಲ್ಲ.

ಕಾಕಾ ಮೊಣಕಾಲೂರಿ ಬಟ್ಟೆಯನ್ನು ನೆಲಕ್ಕೆ ಹಾಸಿದ. ಅಂಗೈಯಿಂದ ಒಂದೊಂದೇ ಸುಕ್ಕು ತೀಡಿದ. ಎದ್ದು ಹಿಂದೆ ಸರಿದು, ಬೋಳು ತಲೆಯಲ್ಲಿ, ಕೈಕಟ್ಟಿ ನಿಂತ. ಅವನ ಬರಿದಲೆಯನ್ನು ನಾನು ಕಂಡದ್ದು ಆ ವಾರದಲ್ಲಿ ಅದು ಎರಡನೆಯ ಸಲ, ನನ್ನ ಆಯುಷ್ಯದಲ್ಲಿಯೂ ಎರಡನೆಯ ಸಲ.

ವೇರಾ ಮದುಮಗನ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ಬಗ್ಗಿ ಬೂಟು ಕಳಚಿದರು. ಅಂಥದ್ದು ಅವರ ಪದ್ಧತಿಯಲ್ಲಿ ಇಲ್ಲ. ಬರಿಗಾಲಲ್ಲಿ, ಮೆಲ್ಲಗೆ, ಆ ಬಟ್ಟೆಯ ಮೇಲೆ ಕಾಲಿಟ್ಟು ನಿಂತರು. ಹಾನ್ನಾ ಸೆರಗಿನಂಥ ತನ್ನ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಕಾಕಾ ಅಳುತ್ತಿದ್ದ. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಅಳು ಬಹಳ ಹೊತ್ತು ಉಳಿಯಲಿಲ್ಲ. ಊಟದ ಮಧ್ಯೆ ಎಲ್ಲರೂ "ಗೋರ್ಕಾ! ಗೋರ್ಕಾ!" ಎಂದು ಕೂಗತೊಡಗಿದರು. ಕಹಿ, ಕಹಿ ಎಂದು ಅರ್ಥ ಎಂದೆ.

"ಯಾವ ಪಲ್ಯಾ ಕಹಿ ಆಗೈತಿ? ನಂದು ಚಲೋ ಐತೆಲ್ಲ," ಎಂದು ಕಾಕಾ ತಟ್ಟೆ ನೋಡಿಕೊಂಡ. ಅಷ್ಟರಲ್ಲಿ ಕಹಿ ಹೋಗಲೆಂದು ಮದುಮಕ್ಕಳು ಎಲ್ಲರೆದುರು ಮುತ್ತು ಕೊಟ್ಟುಕೊಂಡರು. ಕಾಕಾ ಸಟ್ಟನೆ ಮೊಸರಿನ ಬಟ್ಟಲಲ್ಲಿ ಮುಖ ಹುದುಗಿಸಿದ. ಜನ ಮತ್ತೆ ಮತ್ತೆ ಕೂಗಿದರು. ಅವನು ಮತ್ತೆ ಮತ್ತೆ ಮೊಸರು ಕುಡಿದ. ಸಂಜೆಯ ತನಕ ಒಂದು ಗಡಿಗೆ ಮೊಸರು ಅವನೊಬ್ಬನೇ ಮುಗಿಸಿದ.

ಹೊರಡುವಾಗ ಹಾನ್ನಾ ಗಂಡನ ಫೋಟೋದ ಮೇಲಿನ ಕೆಂಪು ರುಮಾಲನ್ನು ತೆಗೆದು ತಂದಳು. ಕಾಕಾ ಎರಡೂ ಕೈ ಅಡ್ಡ ಹಿಡಿದ.

"ಅಲ್ಲೇ ಇರಲಿ ಅನ್ನು. ಅದು ಆತಗ ಕೊಟ್ಟ ಆಯೇರಿ."

ಮರಳಿ

ಸೋಮವಾರ ಬೆಳಿಗ್ಗೆ ದಂಡೆಯ ಮೇಲೆ ಚಳಿಗಾಳಿ. ಕಾಕಾನ ಬೋಳು ತಲೆ ಕೆಂಪಗಾಗಿತ್ತು. ಹಾನ್ನಾ ಅದನ್ನು ನೋಡಿ ಗದರಿದಳು, ತನ್ನ ತಲೆಯ ಮೇಲಿದ್ದ ದೊಡ್ಡ ದೊಡ್ಡ ಕೆಂಪು ಹೂವಿನ ವಸ್ತ್ರವನ್ನು ಬಿಚ್ಚಿ ಅವನ ತಲೆಗೆ ಹೊದಿಸಿ, ಗದ್ದದ ಕೆಳಗೆ ಬಿಗಿಯಾಗಿ ಗಂಟು ಹಾಕಿದಳು. ಮೀಸೆ ಹೊತ್ತ ಒಬ್ಬ ರಷ್ಯನ್ ಅಜ್ಜಿ ದೋಣಿಯಲ್ಲಿ ಕೂತ ಹಾಗಾಯಿತು. ನಾನು ನಗು ತಡೆಯಲು ಕೆನ್ನೆಯನ್ನು ಒಳಗಿಂದ ಕಚ್ಚಿಕೊಂಡೆ.

ಮಿನ್ಸ್ಕ್, ಮಾಸ್ಕೋ, ದಿಲ್ಲಿ, ಮುಂಬೈ, ಎಲ್ಲ ಕಡೆ ಜನ ತಿರುಗಿ ತಿರುಗಿ ನೋಡಿದರು. ಸೊಲ್ಲಾಪುರದಲ್ಲಿ ಗಾಡಿ ಬದಲಿಸುವಾಗ ನಾನು ಕೈಮುಗಿದೆ.

"ಕಾಕಾ, ಇನ್ನರ ತಗೀರಿ. ಸ್ಟೇಶನ್‌ಕ ಮಂದಿ ಮಾಲಿ ಹಿಡಕೊಂಡು ಬಂದಿರತಾರ."

"ತಂಗಿ ಕಟ್ಟ್ಯಾಳ. ನೀ ಯಾವಾಂವಲೇ ಬಿಚ್ಚಾಂವ?"

ವಿಜಾಪುರದ ಸ್ಟೇಶನ್ನಿನಲ್ಲಿ ಮಾಲೆ ಹಿಡಿದವರು ಎಲ್ಲಿ ಹಾಕಬೇಕೆಂದು ತಿಳಿಯದೆ ನನ್ನ ಕೊರಳಿಗೇ ಎರಡೆರಡು ಹಾಕಿದರು. ಕಾಕಿ ಗಂಡನನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಕಾಕಾ ಟ್ರಂಕನ್ನು ನನ್ನ ಕೈಗೆ ಕೊಟ್ಟು, ನೆಟ್ಟಗೆ ಬಸ್ ಸ್ಟ್ಯಾಂಡಿನ ಕಡೆ ನಡೆದ. ನಾವೆಲ್ಲ ಹಿಂದೆ ಓಡಿದೆವು. ಅವನು ನಿಂತದ್ದು ಬಬಲೇಶ್ವರದ ಬಸ್ಸಿನ ಮುಂದೆ.

"ಇದು ನಮ್ಮೂರ ಬಸ್ಸ ಅಲ್ಲರಿ," ಎಂದಳು ಕಾಕಿ.

"ಗೊತ್ತೈತಿ. ಗಂಗವ್ವನ ಮನಿಗೆ ಹೊಂಟೀನಿ."

ನಾನು ಹೇಳಿದೆ, "ಹಿಂಗ ಹೋಗತೀರೇನ್ರಿ ಕಾಕಾ? ನಮ್ಮ ಮನಿ ಇಲ್ಲೇ ಐತಿ, ಅಪ್ಪಂದು ಒಂದು ರುಮಾಲ ಐತಿ, ತಂದು ಕೊಡತೀನಿ. ಇದನ್ನ ಕಂಡ್ರ ನಿಮ್ಮ ಬೀಗರು ನಗತಾರ."

"ನಗಲಿ," ಎಂದ ಕಾಕಾ, ಗದ್ದದ ಕೆಳಗಿನ ಗಂಟು ಸರಿಮಾಡಿಕೊಳ್ಳುತ್ತ. "ಮೊದಲ ಆಂವ ನಗಲಿ. ಆಮ್ಯಾಲ ನಾ ನಗತೀನಿ."

ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ. ಕಾಕಿ ಅವನ ಹಿಂದೆಯೇ ಹತ್ತಿದಳು. ಗಂಡ ಹೋಗದ ಮನೆಗೆ ಅವಳೂ ಹನ್ನೊಂದು ವರ್ಷ ಹೋಗಿರಲಿಲ್ಲ.